ಹೊಸ ಲ್ಯಾಪ್‌ಟಾಪಿನ ಮೊದಲ ವಾರ

ಚಿಕ್ಕಮಗಳೂರು ಜಿಲ್ಲೆಯೆಂದೊಡನೆ ಕಾಫಿಯ ತೋಟ, ಮಂಜು ಮುಸುಕಿದ ಬೆಟ್ಟ, ಬಿಡದೆ ಸುರಿಯುವ ಮಳೆ ಇವೇ ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಆದರೆ ಜಿಲ್ಲೆಯ ಪೂರ್ವದ ಅಂಚಿಗೆ, ಕಡೂರು ತಾಲ್ಲೂಕಿನ ಪಂಚನಹಳ್ಳಿ ಹೋಬಳಿಗೆ ಬಂದರೆ ನೋಟವೇ ಬೇರೆ. ಅದು ತೆಂಗು, ರಾಗಿ, ಕೊಳವೆಬಾವಿಗಳ ಬಯಲುಸೀಮೆ. ಮಳೆಗಾಗಿ ಮುಗಿಲು ನೋಡುವ ನಾಡು. ಅಲ್ಲಿಯ ಒಂದು ಮನೆಯಲ್ಲಿ, ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಯಲ್ಲಿ ಮಾರಿ, ಬಂದ ಹಣದಲ್ಲಿ 35,000 ರೂಪಾಯಿ ಕೊಟ್ಟು, ಪದವಿ ತರಗತಿಗೆ ಸೇರಿದ ಮಗಳಿಗೆ ಒಂದು ಲ್ಯಾಪ್‌ಟಾಪನ್ನು ತಂದರೆಂದು ಭಾವಿಸೋಣ. ಕೈಯಲ್ಲಿ ಉಳಿದದ್ದು ಎರಡು ಸಾವಿರ ರೂಪಾಯಿ. ಮುಂದಿನ ಕೊಬ್ಬರಿಯವರೆಗೆ ಮತ್ತೆ ಹಣ ಬರುವಂತಿಲ್ಲ.

ಪೆಟ್ಟಿಗೆಯನ್ನು ಕಟ್ಟಿಕೊಡುವಾಗಲೇ ಅಂಗಡಿಯವರು ಇನ್ನೂ ಕೆಲವು ಸಾಮಾನುಗಳ ಹೆಸರು ಹೇಳಿರುತ್ತಾರೆ: ವೈರಸ್ ನಿವಾರಕ ತಂತ್ರಾಂಶ, ಸ್ಟೆಬಿಲೈಜರ್, ಕೀಲಿಮಣೆಗೆ ಹೊದಿಸುವ ರಬ್ಬರಿನ ಹಾಳೆ, ಅಡಿಯಲ್ಲಿಡುವ ಫ್ಯಾನು. ಇವುಗಳಲ್ಲಿ ಯಾವುದು ಬೇಕು, ಯಾವುದು ಬೇಡ? ಉಳಿದ ಎರಡು ಸಾವಿರವನ್ನು ಎಲ್ಲಿ ಹಾಕಬೇಕು? ಇದಕ್ಕೆ ಉತ್ತರ ಹೇಳಬೇಕಾದರೆ ಇಂಥ ಯಂತ್ರಕ್ಕೆ ಯಾವ ಯಾವ ದಿಕ್ಕಿನಿಂದ ಕೇಡು ಬರುತ್ತದೆ, ಬಂದ ಕೇಡು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರಿಯಬೇಕು. ಅರಿತಮೇಲೆ, ಹಣ ಕೊಟ್ಟು ಕೊಳ್ಳಬೇಕಾದದ್ದು ಬಹಳ ಸ್ವಲ್ಪವೆಂದು ಕಾಣುತ್ತದೆ. ಯಂತ್ರವು ಹೋದರೆ ಕಷ್ಟಪಟ್ಟಾದರೂ ಇನ್ನೊಂದನ್ನು ಕೊಳ್ಳಬಹುದು. ಮೂರು ವರ್ಷಗಳಲ್ಲಿ ಅದರೊಳಗೆ ಆಕೆ ಬರೆದಿಟ್ಟದ್ದನ್ನು ಯಾವ ಅಂಗಡಿಯಲ್ಲಿಯೂ ಮಾರುವುದಿಲ್ಲ.

ಪೆಟ್ಟಿಗೆಯನ್ನು ಬಿಚ್ಚಿದೊಡನೆ ಮಾಡಬೇಕಾದ ಸಣ್ಣ ಕೆಲಸವೊಂದುಂಟು. ಯಂತ್ರದ ಅಡಿಭಾಗದಲ್ಲಿ ಮುದ್ರಿಸಿರುವ ಕ್ರಮಸಂಖ್ಯೆಯನ್ನು ರಸೀತಿಯೊಡನೆ ಹೋಲಿಸಿ ನೋಡಿ, ಒಂದು ಕಾಗದದಲ್ಲಿ ಬರೆದುಕೊಳ್ಳಬೇಕು. ರಸೀತಿಯ ಶಾಯಿ ಕೆಲವೇ ತಿಂಗಳುಗಳಲ್ಲಿ ಮಾಸಿಹೋಗುವುದರಿಂದ ಅದರ ಚಿತ್ರವನ್ನೂ ತೆಗೆದಿಡಬೇಕು. ಯಂತ್ರ ಕಳುವಾದರೆ ಪೋಲೀಸರು ಕೇಳುವುದೂ, ಕೆಟ್ಟರೆ ಕಂಪನಿಯವರು ಕೇಳುವುದೂ ಇವೇ ಎರಡನ್ನು.

ಮೂರನೆಯ ಕಡ್ಡಿಯ ಮಹಿಮೆ

ಚಾರ್ಜರಿನ ಮೇಲೆ ಅಂಟಿಸಿರುವ ಸಣ್ಣ ಅಕ್ಷರಗಳ ಚೀಟಿಯನ್ನು ಓದುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಓದಿದರೆ ಅಲ್ಲಿ "100ರಿಂದ 240 ವೋಲ್ಟ್" ಎಂದಿರುವುದು ಕಾಣುತ್ತದೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು. ಸಂಜೆಯ ಹೊತ್ತು ಅದು 170ಕ್ಕೆ ಇಳಿದು ದೀಪ ಮಂಕಾದರೂ ಚಾರ್ಜರಿಗೆ ಅದರ ಪರಿವೆಯಿಲ್ಲ. ಏಕೆಂದರೆ ಅದು ಬಂದ ಪರ್ಯಾಯ ಪ್ರವಾಹವನ್ನು ಮೊದಲು ಏಕಮುಖ ಪ್ರವಾಹವಾಗಿ ಮಾಡಿಕೊಂಡು, ಅನಂತರ ಸೆಕೆಂಡಿಗೆ ಸಾವಿರಾರು ಸಲ ತುಂಡರಿಸಿ, ತುಂಡಿನ ಅಗಲವನ್ನು ಹಿಗ್ಗಿಸಿ ಕುಗ್ಗಿಸಿ, ತನಗೆ ಬೇಕಾದ 19 ಅಥವಾ 20 ವೋಲ್ಟನ್ನು ಪಡೆಯುತ್ತದೆ. ಸ್ಟೆಬಿಲೈಜರ್ ಮಾಡಬೇಕಾದ ಕೆಲಸವನ್ನು ಅಂಗೈಯಗಲದ ಆ ಪೆಟ್ಟಿಗೆಯೇ ಮಾಡುತ್ತಿರುವಾಗ ಇನ್ನೊಂದು ಸ್ಟೆಬಿಲೈಜರ್ ಏತಕ್ಕೆ? ಯು.ಪಿ.ಎಸ್. ಕೂಡ ಬೇಕಿಲ್ಲ, ಲ್ಯಾಪ್‌ಟಾಪಿನೊಳಗಿನ ಬ್ಯಾಟರಿಯೇ ಅದರ ಯು.ಪಿ.ಎಸ್. ಇಲ್ಲಿಗೆ ಒಂದು ಖರ್ಚು ಉಳಿಯಿತು.

ಭಯಪಡಬೇಕಾದದ್ದು ಬೇರೊಂದಕ್ಕೆ. ಏಪ್ರಿಲ್, ಮೇ ತಿಂಗಳ ಸಂಜೆ ಬಯಲುಸೀಮೆಯಲ್ಲಿ ಗುಡುಗು ಸಿಡಿಲಿನ ಮಳೆ ಬರುವುದುಂಟು. ಸಿಡಿಲು ನೇರವಾಗಿ ಮನೆಯ ಮೇಲೆ ಬೀಳಬೇಕೆಂದಿಲ್ಲ. ದೂರದ ತಂತಿಯ ಬಳಿ ಎರಗಿದರೂ ಆ ತಂತಿಯಲ್ಲಿ ಸೆಕೆಂಡಿನ ಕೆಲವೇ ದಶಲಕ್ಷಾಂಶಗಳ ಕಾಲ ಸಾವಿರಾರು ವೋಲ್ಟಿನ ಅಲೆಯೊಂದು ಎದ್ದು ಮನೆಯೊಳಗೆ ಹರಿಯುತ್ತದೆ. ಹೋದ ವಿದ್ಯುತ್ತು ಮರಳಿ ಬರುವ ಗಳಿಗೆಯಲ್ಲಿಯೂ ಇಂಥ ಅಲೆಯ ತಮ್ಮಂದಿರು ಏಳುತ್ತಾರೆ. ಇದನ್ನು ತಡೆಯಲೆಂದು ಒಳ್ಳೆಯ ಸ್ಪೈಕ್ ಬೋರ್ಡುಗಳಲ್ಲಿ ವೇರಿಸ್ಟರ್ ಎಂಬ ಬಿಲ್ಲೆಯನ್ನಿಟ್ಟಿರುತ್ತಾರೆ. ಸತುವಿನ ಆಕ್ಸೈಡಿನಿಂದ ಮಾಡಿದ ಈ ಬಿಲ್ಲೆಯು ಸಾಮಾನ್ಯ ವೋಲ್ಟಿನಲ್ಲಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಮಿತಿ ಮೀರಿದೊಡನೆ ತನ್ನ ರೋಧವನ್ನು ಕಳೆದುಕೊಂಡು ಹೆಚ್ಚಿನ ಪ್ರವಾಹವನ್ನು ಪಕ್ಕದ ದಾರಿಗೆ ತಿರುಗಿಸುತ್ತದೆ. ಕೆರೆಗೆ ಕೋಡಿ ಇರುವಂತೆ ಎಂದು ತಿಳಿದರೆ ಸರಿ. ಸಂತೆಯಲ್ಲಿ ನೂರೈವತ್ತು ರೂಪಾಯಿಗೆ ಸಿಕ್ಕುವ ಬೋರ್ಡುಗಳಲ್ಲಿ ಕೆಂಪು ದೀಪವಿರುತ್ತದೆ, ಗುಂಡಿ ಇರುತ್ತದೆ, ಈ ಬಿಲ್ಲೆ ಮಾತ್ರ ಎಷ್ಟೋ ಸಲ ಇರುವುದಿಲ್ಲ.

ಕೋಡಿಯಿದ್ದರೆ ಸಾಲದು, ಕೋಡಿಯ ನೀರು ಹರಿದುಹೋಗಲು ಹಳ್ಳವೂ ಇರಬೇಕಷ್ಟೆ. ಆ ಹಳ್ಳವೇ ಅರ್ತ್, ಅಂದರೆ ಭೂಸಂಪರ್ಕ. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ದಪ್ಪನಾಗಿ, ಉಳಿದೆರಡಕ್ಕಿಂತ ಸ್ವಲ್ಪ ಉದ್ದವಾಗಿ ಇರುವ ಕಡ್ಡಿಯೇ ಅದರ ಬಾಗಿಲು. ವಿದ್ಯುತ್ತು ತಾಗುವುದಕ್ಕೆ ಮೊದಲು ಭೂಮಿ ತಾಗಲಿ ಎಂದೇ ಅದನ್ನು ಉದ್ದವಾಗಿ ಮಾಡಿದ್ದಾರೆ. ಲೋಹದ ಮೈಯ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ ಮೇಲೆ ಕೈಯಾಡಿಸಿದಾಗ ಚುಮುಚುಮು ಎನ್ನುವ ಅನುಭವ ಎಷ್ಟೋ ವಿದ್ಯಾರ್ಥಿಗಳಿಗೆ ಆಗಿರಬಹುದು. ಯಂತ್ರ ಕೆಟ್ಟಿದೆಯೆಂದು ಅಂಗಡಿಗೆ ಓಡುವವರೂ ಉಂಟು. ನಡೆಯುವುದು ಇಷ್ಟೆ. ಚಾರ್ಜರಿನೊಳಗೆ, ರೇಡಿಯೋ ಗದ್ದಲವನ್ನು ಅಡಗಿಸಲೆಂದು, ವಿದ್ಯುತ್ತಿನ ಎರಡು ತಂತಿಗಳಿಂದಲೂ ಅರ್ತ್ ತಂತಿಗೆ ಎರಡು ಪುಟ್ಟ ಕೆಪ್ಯಾಸಿಟರುಗಳನ್ನು ಜೋಡಿಸಿರುತ್ತಾರೆ. ಅರ್ತ್ ಸರಿಯಿದ್ದರೆ ಅವುಗಳ ಮೂಲಕ ಬರುವ ಅತ್ಯಲ್ಪ ಪ್ರವಾಹ ನೆಲಕ್ಕೆ ಇಳಿದುಹೋಗುತ್ತದೆ. ಅರ್ತ್ ಇಲ್ಲದಿದ್ದರೆ ಯಂತ್ರದ ಮೈ ಎರಡು ತಂತಿಗಳ ನಡುವೆ, ಸುಮಾರು 115 ವೋಲ್ಟಿನಲ್ಲಿ, ತೇಲುತ್ತಿರುತ್ತದೆ. ಪ್ರವಾಹ ಒಂದು ಮಿಲಿಆಂಪಿಯರಿಗಿಂತಲೂ ಕಡಿಮೆಯಾದ್ದರಿಂದ ಚುಮುಗುಟ್ಟುವುದೇ ಹೊರತು ಹೊಡೆಯುವುದಿಲ್ಲ. ಆ ಚುಮುಗುಟ್ಟುವಿಕೆ ಯಂತ್ರದ ದೋಷವನ್ನು ಸೂಚಿಸುವುದಕ್ಕಿಂತ ಹೆಚ್ಚಾಗಿ ಮನೆಯ ದೋಷವನ್ನು ಸೂಚಿಸುತ್ತದೆ. ಜೋರಾಗಿ ಹೊಡೆದರೆ ಮಾತು ಬೇರೆ. ಒಡನೆಯೇ ಬಳಕೆ ನಿಲ್ಲಿಸಬೇಕು.

ಪಂಚನಹಳ್ಳಿಯಂಥ ಒಣನೆಲದಲ್ಲಿ ಇದಕ್ಕೆ ವಿಶೇಷ ಗಮನ ಬೇಕು. ಮಣ್ಣಿನಲ್ಲಿ ವಿದ್ಯುತ್ತು ಹರಿಯುವುದು ಅದರಲ್ಲಿರುವ ತೇವ ಮತ್ತು ಕರಗಿದ ಲವಣಗಳ ಮೂಲಕ. ಮನೆ ಕಟ್ಟಿದಾಗ ಇದ್ದಿಲು ಉಪ್ಪು ತುಂಬಿ ಹೂತ ಅರ್ತ್ ಗುಂಡಿಯು ಹತ್ತು ಬೇಸಿಗೆಗಳಲ್ಲಿ ಒಣಗಿ ಬಿರಿದಿದ್ದರೆ, ತಂತಿ ನೋಡಲು ಇದ್ದರೂ ಕೆಲಸಕ್ಕೆ ಇಲ್ಲ. ತಿಳಿದ ಎಲೆಕ್ಟ್ರಿಷಿಯನ್ ಒಬ್ಬರಿಂದ ಅದನ್ನು ಪರೀಕ್ಷೆ ಮಾಡಿಸಿ, ಬೇಸಿಗೆಯಲ್ಲಿ ಗುಂಡಿಗೆ ಆಗಾಗ ಒಂದೆರಡು ಬಿಂದಿಗೆ ನೀರು ಹೊಯ್ಯುವುದರಿಂದ ಲ್ಯಾಪ್‌ಟಾಪಿಗಷ್ಟೇ ಅಲ್ಲದೆ ಮನೆಯವರೆಲ್ಲರ ಪ್ರಾಣಕ್ಕೂ ರಕ್ಷೆ. ಎರಡು ಕಡ್ಡಿಯ ಅಡಾಪ್ಟರನ್ನು ಸಿಕ್ಕಿಸಿ ಮೂರನೆಯ ಕಡ್ಡಿಯನ್ನು ಅನಾಥವಾಗಿ ಬಿಡುವ ರೂಢಿಯನ್ನು ಮನೆಯಿಂದ ಹೊರಗೆ ಹಾಕಬೇಕು. ಇಷ್ಟಾದರೂ, ಗುಡುಗು ಕೇಳಿಸಿದೊಡನೆ ಪ್ಲಗ್ಗನ್ನು ಕಿತ್ತಿಡುವುದಕ್ಕಿಂತ ದೊಡ್ಡ ರಕ್ಷಣೆ ಬೇರಿಲ್ಲ. ಅದಕ್ಕೆ ಕಾಸೂ ಬೇಡ.

ಬಿಸಿಲು, ಕಂಬಳಿ, ಮಣೆ

ಲ್ಯಾಪ್‌ಟಾಪಿನ ಬ್ಯಾಟರಿಯು ಲಿಥಿಯಮ್ ಅಯಾನುಗಳ ಬ್ಯಾಟರಿ. ಇದನ್ನು ರೂಪಿಸಿದ್ದಕ್ಕಾಗಿ ಗುಡಿನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಚಾರ್ಜು ಮಾಡುವಾಗ ಲಿಥಿಯಮ್ ಅಯಾನುಗಳು ಗ್ರಾಫೈಟಿನ ಪದರಗಳ ಸಂದಿಯಲ್ಲಿ ಹೋಗಿ ಕುಳಿತುಕೊಳ್ಳುತ್ತವೆ. ಬಳಸುವಾಗ ಅಲ್ಲಿಂದೆದ್ದು ಎದುರಿನ ಲೋಹದ ಆಕ್ಸೈಡಿಗೆ ಮರಳುತ್ತವೆ. ಕೋಶವು ಪೂರ್ತಿ ತುಂಬಿ 4.2 ವೋಲ್ಟಿನ ಬಳಿ ನಿಂತಾಗ ಒಳಗಿನ ದ್ರವವು ಮೆಲ್ಲನೆ ಕೆಡುತ್ತದೆ, ಒಂದಷ್ಟು ಅಯಾನುಗಳು ಮತ್ತೆಂದೂ ಬಿಡಿಸಿಕೊಳ್ಳಲಾಗದಂತೆ ಸಿಕ್ಕಿಬೀಳುತ್ತವೆ. ಶಾಖವು ಈ ಕ್ರಿಯೆಗೆ ವೇಗವನ್ನು ಕೊಡುತ್ತದೆ. ತಗಡಿನ ಅಥವಾ ಸಿಮೆಂಟ್ ಶೀಟಿನ ಮಾಡಿನ ಕೆಳಗೆ, ಬೇಸಿಗೆಯ ಮಧ್ಯಾಹ್ನ, ಪೂರ್ತಿ ತುಂಬಿದ ಬ್ಯಾಟರಿ ದಿನವೆಲ್ಲ ಚಾರ್ಜಿಗೆ ಸಿಕ್ಕಿಕೊಂಡೇ ಇರುವುದು ಅದಕ್ಕೆ ಅತ್ಯಂತ ಅಹಿತವಾದ ಸ್ಥಿತಿ. ಈಗಿನ ಬಹುಪಾಲು ಯಂತ್ರಗಳಲ್ಲಿ ಚಾರ್ಜನ್ನು 80 ಪ್ರತಿಶತಕ್ಕೆ ನಿಲ್ಲಿಸುವ ಏರ್ಪಾಡು ಇರುತ್ತದೆ. ಅದನ್ನು ಹುಡುಕಿ ಹಾಕಿಡಬೇಕು. ಸೊನ್ನೆಯವರೆಗೆ ಇಳಿಸಿ ಆಮೇಲೆ ತುಂಬಬೇಕೆಂಬುದು ಹಳೆಯ ನಿಕ್ಕಲ್ ಬ್ಯಾಟರಿಗಳ ಕಾಲದ ಮಾತು. ಇವಕ್ಕೆ ಅದರಿಂದ ಹಾನಿಯೇ.

ಫ್ಯಾನಿನ ಪೀಠವೂ ಬೇಕಿಲ್ಲ. ಯಂತ್ರದ ಉಸಿರಾಟ ಅದರ ಅಡಿಯ ಮತ್ತು ಪಕ್ಕದ ಕಂಡಿಗಳಿಂದ. ಹಾಸಿಗೆಯ ಮೇಲೋ ಕಂಬಳಿಯ ಮೇಲೋ ಇಟ್ಟರೆ ಆ ಕಂಡಿಗಳು ಮುಚ್ಚಿ, ಒಳಗಿನ ಸಂಸ್ಕಾರಕವು ನೂರು ಡಿಗ್ರಿಯ ಸಮೀಪಕ್ಕೆ ಕಾದು, ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗವನ್ನು ಇಳಿಸಿಕೊಳ್ಳುತ್ತದೆ. "ಹೊಸ ಲ್ಯಾಪ್‌ಟಾಪ್ ಬಹಳ ನಿಧಾನ" ಎಂಬ ದೂರು ಎಷ್ಟೋ ವೇಳೆ ಕಂಬಳಿಯ ದೂರು. ಮನೆಯಲ್ಲಿ ಊಟಕ್ಕೆ ಕೂರುವ ಮರದ ಮಣೆಯೊಂದಿದ್ದರೆ ಅದರ ಮೇಲೆ ಇಟ್ಟುಕೊಂಡರಾಯಿತು. ಧೂಳನ್ನು ಯಂತ್ರವನ್ನು ಆರಿಸಿ ಮೆತ್ತನೆಯ ಕುಂಚದಿಂದ ತೆಗೆಯಬೇಕು. ಕೀಲಿಮಣೆಯ ರಬ್ಬರು ಹಾಳೆಯನ್ನು ಹಾಗೆಯೇ ಬಿಟ್ಟು ಮುಚ್ಚಿದರೆ ಪರದೆಯ ಮೇಲೆ ಒತ್ತು ಬೀಳುವುದರಿಂದ, ಅದನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದು ಲೇಸು.

ಕಾಣದ ಬಾಗಿಲುಗಳು

ಇನ್ನು ಒಳಗಿನ ವಿಚಾರ. 2017ರ ಮೇ 12ರಂದು 'ವನ್ನಾಕ್ರೈ' ಎಂಬ ದುಷ್ಟ ತಂತ್ರಾಂಶವೊಂದು ಜಗತ್ತಿನ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಮಿಕ್ಕಿದ ಗಣಕಗಳೊಳಗೆ ನುಗ್ಗಿ, ಅವುಗಳಲ್ಲಿದ್ದ ಕಡತಗಳನ್ನೆಲ್ಲ ಗುಪ್ತಲಿಪಿಗೆ ತಿರುಗಿಸಿ, ಬಿಡಿಸಿಕೊಡಬೇಕಾದರೆ ಹಣ ಕೊಡಿರೆಂದು ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ವಿಚಾರ ಮಾಡಬೇಕಾದ ಸಂಗತಿ ಇದಲ್ಲ. ಅದು ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಕಂಪನಿಯು ಅದೇ ವರ್ಷದ ಮಾರ್ಚ್ 14ರಂದೇ, ಅಂದರೆ ಎರಡು ತಿಂಗಳ ಮೊದಲೇ, ಯಾವ ಬೆಲೆಯೂ ಇಲ್ಲದೆ ಹಂಚಿತ್ತು. "ಅಪ್‌ಡೇಟ್ ಮಾಡಲೇ?" ಎಂದು ಯಂತ್ರ ಕೇಳಿದಾಗ "ಆಮೇಲೆ" ಎಂದವರ ಯಂತ್ರಗಳೇ ಹೆಚ್ಚಾಗಿ ಬಲಿಯಾದವು. ತೇಪೆ ಪ್ರಕಟವಾದೊಡನೆ, ಬಿರುಕು ಎಲ್ಲಿತ್ತೆಂಬುದು ಕಳ್ಳರಿಗೂ ತಿಳಿಯುತ್ತದೆ. ಆದುದರಿಂದ ತಡಮಾಡಿದಷ್ಟೂ ಅಪಾಯ ಹೆಚ್ಚು.

ಹೊಸ ಯಂತ್ರವು ಕಾರ್ಖಾನೆಯಿಂದ ಹೊರಟು ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕುಳಿತಿರುತ್ತದೆ. ಮೊದಲ ದಿನದ ಮೊದಲ ಕೆಲಸ ಈ ತೇಪೆಗಳನ್ನೆಲ್ಲ ತರಿಸುವುದು. ಮೊಬೈಲಿನ ಡೇಟಾ ಸಾಲದಿದ್ದರೆ ಕಾಲೇಜಿನ ಜಾಲದಲ್ಲಿ ಒಂದು ದಿನ ಕುಳಿತು ಮುಗಿಸಬಹುದು. ಇನ್ನು ವೈರಸ್ ನಿವಾರಕ. ವಿಂಡೋಸಿನೊಳಗೆ 'ಡಿಫೆಂಡರ್' ಎಂಬ ಕಾವಲುಗಾರನನ್ನು ಕಂಪನಿಯವರೇ ಇಟ್ಟಿರುತ್ತಾರೆ. ವಿದ್ಯಾರ್ಥಿಯೊಬ್ಬಳ ಕೆಲಸಕ್ಕೆ ಅದು ಸಾಕು. ವರ್ಷ ವರ್ಷವೂ ಹಣ ಕೇಳುವ ಇನ್ನೊಬ್ಬ ಕಾವಲುಗಾರ ಬೇಡ.

ಕಾವಲುಗಾರನನ್ನು ನಾವೇ ಹೊರಗೆ ಕಳುಹಿಸದಿದ್ದರೆ ಸರಿ. ಐನೂರು ರೂಪಾಯಿಗೆ "ಎಲ್ಲ ಸಾಫ್ಟ್‌ವೇರನ್ನೂ ಹಾಕಿಕೊಡುತ್ತೇನೆ" ಎನ್ನುವವರು ಪ್ರತಿ ಪೇಟೆಯಲ್ಲಿಯೂ ಇದ್ದಾರೆ. ಬೀಗ ಮುರಿದ ಆ ತಂತ್ರಾಂಶಗಳು ಒಳಗೆ ಬರುವಾಗ ಕೇಳುವ ಮೊದಲನೆಯ ವರವೇ "ಡಿಫೆಂಡರನ್ನು ಸ್ವಲ್ಪ ಹೊತ್ತು ನಿಲ್ಲಿಸಿ" ಎಂಬುದು. ಮನೆಯ ನಾಯಿಯನ್ನು ಕಟ್ಟಿಹಾಕಲು ಹೇಳುವ ಅತಿಥಿಯ ವಿಷಯದಲ್ಲಿ ನಾವು ಏನು ತಿಳಿಯುತ್ತೇವೆ? ಬರೆಯಲು, ಲೆಕ್ಕ ಹಾಕಲು, ಚಿತ್ರಪಟ ತೋರಿಸಲು 'ಲಿಬ್ರೆ ಆಫೀಸ್' ಎಂಬುದು ಧರ್ಮಾರ್ಥವಾಗಿ ದೊರೆಯುತ್ತದೆ. ಯಂತ್ರದ ಮೂಲ ತಂತ್ರಾಂಶವನ್ನೇ ಬೆಲೆಯಿಲ್ಲದೆ ಪಡೆಯುವ ದಾರಿಯೂ ಇದೆ. 1991ರಲ್ಲಿ ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ಆರಂಭಿಸಿದ ಲಿನಕ್ಸ್ ಈಗ ಲೋಕದ ಬಹುಪಾಲು ದೊಡ್ಡ ಗಣಕಗಳನ್ನು ನಡೆಸುತ್ತಿದೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಬಳಕೆಯಲ್ಲಿರುವುದೂ ಇದೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಗಣಕವನ್ನು ಕಲಿಯುವುದು ಇದರ ಮೇಲೆಯೇ. ಅಣ್ಣನಿಂದ ತಂಗಿಗೆ ಬಂದ ಹಳೆಯ ಲ್ಯಾಪ್‌ಟಾಪುಗಳಿಗೆ ಇದು ವಿಶೇಷವಾಗಿ ಒಪ್ಪುತ್ತದೆ. 'ವಿಂಡೋಸ್ 10'ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರಲ್ಲಿಯೇ ಉಳಿದು 11ಕ್ಕೆ ಏರಲಾರದ ಯಂತ್ರಗಳಿಗೆ ಲಿನಕ್ಸಿನಿಂದ ಇನ್ನೂ ಕೆಲವು ವರ್ಷಗಳ ಆಯುಸ್ಸು ದೊರೆಯುತ್ತದೆ.

ಕನ್ನಡದ ಮಾತನ್ನೂ ಇಲ್ಲಿಯೇ ಆಡಿಬಿಡಬೇಕು. ಹಿಂದೆ ನುಡಿ, ಬರಹ ಮುಂತಾದವುಗಳ ಹಳೆಯ ಅಕ್ಷರಮಾದರಿಗಳಲ್ಲಿ ಬರೆದಾಗ ಯಂತ್ರವು ಒಳಗೆ ಶೇಖರಿಸಿಡುತ್ತಿದ್ದದ್ದು ರೋಮನ್ ಲಿಪಿಯ ಸಂಕೇತಗಳನ್ನೇ. ಕನ್ನಡವೆಂಬುದು ಬರಿಯ ಮೇಲಿನ ವೇಷ. ಆ ಅಕ್ಷರಮಾದರಿ ಇಲ್ಲದ ಇನ್ನೊಂದು ಯಂತ್ರದಲ್ಲಿ ತೆರೆದರೆ ಬರಹವೆಲ್ಲ ಗೋಜಲಾಗಿ ಕಾಣುತ್ತಿತ್ತು. ಯೂನಿಕೋಡಿನಲ್ಲಿ ಪ್ರತಿಯೊಂದು ಕನ್ನಡದ ಅಕ್ಷರಕ್ಕೂ ತನ್ನದೇ ಆದ ಸಂಖ್ಯೆ ಇದೆ. ಹತ್ತು ವರ್ಷಗಳ ಅನಂತರವೂ ಓದಬೇಕಾದ ಟಿಪ್ಪಣಿಯನ್ನು ಯೂನಿಕೋಡಿನಲ್ಲಿಯೇ ಬರೆಯತಕ್ಕದ್ದು. ಕೆ. ಪಿ. ರಾವ್ ಅವರು ರೂಪಿಸಿದ, 'ಕ'ಕಾರಕ್ಕೆ ಇಂಗ್ಲಿಷಿನ ಕೆ ಅಕ್ಷರದ ಕೀಲಿಯನ್ನೇ ಒತ್ತುವ ವಿನ್ಯಾಸವು ಲಿನಕ್ಸಿನಲ್ಲಿ 'ಕಗಪ' ಎಂಬ ಹೆಸರಿನಿಂದ ಮೊದಲೇ ಅಡಕವಾಗಿದೆ. ವಿಂಡೋಸಿನಲ್ಲಿ ಭಾಷೆಯ ಪಟ್ಟಿಗೆ ಕನ್ನಡವನ್ನು ಸೇರಿಸಿದರೆ ಬೇರೆ ವಿನ್ಯಾಸಗಳು ಬರುತ್ತವೆ. ಯಾವುದನ್ನು ಕಲಿತರೂ ವಾರವೊಂದರಲ್ಲಿ ಕೈಗೆ ಹತ್ತುತ್ತದೆ.

ಗುಟ್ಟಿನ ಪದದ ಗಣಿತ

ಗುಪ್ತಪದವಾಗಿ ತಂದೆಯ ಮೊಬೈಲ್ ಸಂಖ್ಯೆಯನ್ನು ಇಟ್ಟುಕೊಳ್ಳುವುದು ನಮ್ಮ ವಿದ್ಯಾರ್ಥಿಗಳಲ್ಲಿ ಬಹು ಪ್ರಚಾರದಲ್ಲಿದೆ. ಅದರ ಬಲವೆಷ್ಟು? ಕದ್ದ ಕಡತವನ್ನು ಮುಂದಿಟ್ಟುಕೊಂಡು ಸೆಕೆಂಡಿಗೆ ಸಾವಿರ ಕೋಟಿ ಊಹೆಗಳನ್ನು ಪರೀಕ್ಷಿಸುವ ಯಂತ್ರವೊಂದಿದೆಯೆಂದು ಇಟ್ಟುಕೊಳ್ಳೋಣ. ನಮ್ಮ ದೇಶದ ಮೊಬೈಲ್ ಸಂಖ್ಯೆಗಳು ಹತ್ತು ಅಂಕಿಯವು. ಮೊದಲನೆಯ ಅಂಕಿ 6, 7, 8, 9 ಇವುಗಳಲ್ಲಿ ಒಂದು. ಹೀಗೆ ಆಗಬಹುದಾದ ಸಂಖ್ಯೆಗಳು 400 ಕೋಟಿ. ಎಲ್ಲವನ್ನೂ ಪರೀಕ್ಷಿಸಲು ಅರ್ಧ ಸೆಕೆಂಡೂ ಬೇಡ. ಇಂಗ್ಲಿಷಿನ ಎಂಟು ಸಣ್ಣಕ್ಷರಗಳ ಪದವಾದರೆ 26ನ್ನು ಎಂಟು ಸಲ ಗುಣಿಸಬೇಕು: ಸುಮಾರು 20,883 ಕೋಟಿ, ಯಂತ್ರಕ್ಕೆ 21 ಸೆಕೆಂಡಿನ ಕೆಲಸ.

ಈಗ ಇನ್ನೊಂದು ದಾರಿಯನ್ನು ನೋಡಿರಿ. 7,776 ಸಾಮಾನ್ಯ ಪದಗಳ ಪಟ್ಟಿಯೊಂದನ್ನು ತೆಗೆದುಕೊಂಡು, ದಾಳವನ್ನು ಐದು ಸಲ ಎಸೆದು ಬಂದ ಅಂಕಿಗಳ ಪ್ರಕಾರ ಒಂದು ಪದವನ್ನು ಆರಿಸುವುದು. (7,776 ಎಂಬ ವಿಚಿತ್ರ ಸಂಖ್ಯೆ ಬಂದದ್ದು ಆರನ್ನು ಐದು ಸಲ ಗುಣಿಸಿದ್ದರಿಂದ.) ಹೀಗೆ ನಾಲ್ಕು ಪದಗಳನ್ನು ಆರಿಸಿ ಪೋಣಿಸಿದರೆ ಆ ಯಂತ್ರಕ್ಕೆ ಹೆಚ್ಚೆಂದರೆ ನಾಲ್ಕು ದಿನಗಳ ಮೇಲೆ ಸ್ವಲ್ಪ ಬೇಕು. ಐದು ಪದವಾದರೆ? ತೊಂಬತ್ತು ವರ್ಷ! ಒಂದೇ ಒಂದು ಪದ ಸೇರಿದ್ದಕ್ಕೆ ಇಷ್ಟು ಅಂತರ. ತೆಂಗಿನಗರಿ, ಚಕ್ಕಡಿ, ಮೊಸರು ಎಂದು ಮುಂತಾಗಿ ಐದು ಪದಗಳ ಅಸಂಬದ್ಧ ಸಾಲೊಂದು ನೆನಪಿನಲ್ಲಿ ಸುಲಭವಾಗಿ ನಿಲ್ಲುತ್ತದೆ. ಗುಟ್ಟಿಗಾಗಿ ಅಂಕಿ, ಚಿಹ್ನೆಗಳನ್ನು ತುರುಕಿ ಮರುದಿನವೇ ಮರೆಯುವುದಕ್ಕಿಂತ ಇದು ಮೇಲು. ಆದರೆ ದಾಳವೇ ಆರಿಸಬೇಕು. ನಮಗೆ ಪ್ರಿಯವಾದ ಸಿನಿಮಾ ಹಾಡಿನ ಸಾಲು ಕಳ್ಳನಿಗೂ ಪ್ರಿಯವಾದದ್ದೇ.

ಗುಪ್ತಪದ ಹಾಕಿದರೆ ಕಳುವಾದ ಯಂತ್ರದೊಳಗಿನ ಬರಹ ಭದ್ರವೆಂದು ತಿಳಿಯುವುದು ತಪ್ಪು. ಅದು ತಲೆಬಾಗಿಲಿನ ಚಿಲಕ ಮಾತ್ರ. ಒಳಗಿನ ಸಂಗ್ರಹವನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿದರೆ ಎಲ್ಲವೂ ಓದಲು ಸಿಕ್ಕುತ್ತದೆ. ಸಂಗ್ರಹವನ್ನೇ ಗುಪ್ತಲಿಪಿಯಲ್ಲಿಡುವ ಏರ್ಪಾಡು ಹೊಸ ಯಂತ್ರಗಳಲ್ಲಿದೆ, ಎಷ್ಟೋ ಸಲ ತಾನಾಗಿಯೇ ಜಾರಿಯಲ್ಲಿರುತ್ತದೆ. ವಿಂಡೋಸಿನಲ್ಲಿ ಇದಕ್ಕೆ 48 ಅಂಕಿಗಳ ಒಂದು ಪುನಃಪ್ರಾಪ್ತಿಯ ಕೀಲಿ ಉಂಟು. ಯಂತ್ರ ಮುನಿದುಕೊಂಡ ದಿನ ಅದು ಕೇಳುವುದು ಈ ಕೀಲಿಯನ್ನು, ಆಗ ಸಿಕ್ಕದಿದ್ದರೆ ಕಳ್ಳನಿಗೆ ಮುಚ್ಚಿದ ಬಾಗಿಲು ಒಡತಿಗೂ ಮುಚ್ಚುತ್ತದೆ. ಅದನ್ನು ಕಾಗದದ ಮೇಲೆ ಬರೆದು, ರಸೀತಿ ಮತ್ತು ಜಮೀನಿನ ಪತ್ರಗಳ ಜೊತೆಗೆ ಟ್ರಂಕಿನಲ್ಲಿಡಬೇಕು. ಕಾಗದಕ್ಕೆ ವೈರಸ್ ತಗಲುವುದಿಲ್ಲ.

ಬಿತ್ತನೆಯ ರಾಗಿ

ಎರಡು ಸಾವಿರ ರೂಪಾಯಿಗಳ ಪ್ರಶ್ನೆಗೆ ಈಗ ಬರೋಣ. ರೈತನು ರಾಗಿಯನ್ನೆಲ್ಲ ಒಂದೇ ಕಡೆ ತುಂಬುವುದಿಲ್ಲ. ಬಿತ್ತನೆಯ ಬೀಜವನ್ನು ಬೇರೆಯಾಗಿ ತೆಗೆದು, ಬೂದಿ ಬೇವಿನ ಸೊಪ್ಪು ಬೆರಸಿ, ಬೇರೊಂದು ಗುಡಾಣದಲ್ಲಿಡುತ್ತಾನೆ. ಉಣ್ಣುವ ರಾಗಿಗೆ ಹುಳು ಬಿದ್ದರೂ ಮುಂದಿನ ಬೆಳೆ ಉಳಿಯಬೇಕೆಂಬುದು ಅವನ ಯೋಚನೆ. ಬರಹದ ಎರಡನೆಯ ಪ್ರತಿಗೂ ಇದೇ ನ್ಯಾಯ.

ಈ ಲೇಖಕನ ಹಳೆಯ ಗಣಕವೊಂದು ಒಂದು ಬೆಳಗ್ಗೆ ಟಿಕ್ ಟಿಕ್ ಎಂದು ಸದ್ದು ಮಾಡಿ ನಿಂತುಹೋಯಿತು. ಒಳಗೆ ನಾಲ್ಕು ವರ್ಷಗಳ ಟಿಪ್ಪಣಿ ಇತ್ತು, ಎರಡನೆಯ ಪ್ರತಿ ಇರಲಿಲ್ಲ. ಅಂದಿನ ಗಣಕಗಳಲ್ಲಿ ತಿರುಗುವ ತಟ್ಟೆಗಳಿದ್ದವು. ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆಯ ಮೇಲೆ ಓದುವ ಸೂಜಿ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಎತ್ತರದಲ್ಲಿ ತೇಲುತ್ತಿತ್ತು. ಕೆಡುವ ಮುನ್ನ ಸದ್ದಾದರೂ ಮಾಡುತ್ತಿತ್ತು. ಇಂದಿನ ಲ್ಯಾಪ್‌ಟಾಪುಗಳಲ್ಲಿರುವ ಎಸ್.ಎಸ್.ಡಿ. ಎಂಬ ಸಂಗ್ರಹದಲ್ಲಿ ಚಲಿಸುವ ಭಾಗವೇ ಇಲ್ಲ. ಸಿಲಿಕಾನಿನ ಲಕ್ಷಾಂತರ ಕೋಟಿ ಪುಟ್ಟ ಗೂಡುಗಳಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಿ ಅದು ನೆನಪಿಟ್ಟುಕೊಳ್ಳುತ್ತದೆ. ಬಸ್ಸಿನ ಕುಲುಕಾಟಕ್ಕೆ ಅದು ಅಂಜುವುದಿಲ್ಲ. ಆದರೆ ಹೋಗುವಾಗ ಹೇಳದೆ ಹೋಗುತ್ತದೆ. ಅಳಿಸಿದ ಕಡತದ ಗೂಡುಗಳನ್ನು ಬಿಡುವಾದಾಗ ತಾನೇ ಗುಡಿಸಿ ಸ್ವಚ್ಛಮಾಡುವುದರಿಂದ, ತಪ್ಪಿ ಅಳಿಸಿದ್ದನ್ನು ಮರಳಿ ಪಡೆಯುವುದೂ ಹಿಂದಿಗಿಂತ ಕಷ್ಟ.

ಎಷ್ಟು ಜಾಗ ಬೇಕು? ಯೂನಿಕೋಡಿನ ಬರಹವನ್ನು ಶೇಖರಿಸುವ ಸಾಮಾನ್ಯ ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟು ಬೇಕು. 'ಸ್ತ್ರೀ' ಎಂಬ ಒಂದೇ ಅಕ್ಷರದೊಳಗೆ ಸ, ತ, ರ, ಎರಡು ವಿರಾಮಚಿಹ್ನೆ, ಒಂದು ದೀರ್ಘಸ್ವರ ಹೀಗೆ ಆರು ಸಂಕೇತಗಳಿವೆ, ಅಂದರೆ 18 ಬೈಟು. ಪುಟವೊಂದರಲ್ಲಿ 1,500 ಸಂಕೇತಗಳೆಂದು ಹಿಡಿದರೆ 4,500 ಬೈಟಾಯಿತು. 32 ಗಿಗಾಬೈಟಿನ ಪುಟ್ಟ ಪೆನ್‌ಡ್ರೈವ್ ಒಂದರಲ್ಲಿ ಇಂಥ ಸುಮಾರು 71 ಲಕ್ಷ ಪುಟಗಳು ಹಿಡಿಯುತ್ತವೆ. ಚಿತ್ರ, ಚಲಚ್ಚಿತ್ರಗಳು ಹೆಚ್ಚು ಜಾಗ ಕೇಳುತ್ತವೆ, ನಿಜ. ಆದರೆ ಪದವಿಯ ಮೂರು ವರ್ಷಗಳ ಬರಹಕ್ಕೆ ಇದು ಬೇಕಾದಷ್ಟಾಯಿತು. ವೇರಿಸ್ಟರ್ ಇರುವ ಒಳ್ಳೆಯ ಬೋರ್ಡು ಒಂದು, ಹೆಸರುವಾಸಿಯಾದ ಕಂಪನಿಯ ಪೆನ್‌ಡ್ರೈವ್ ಎರಡು, ಅರ್ತ್ ನೋಡಿಕೊಟ್ಟವರ ಕೂಲಿ: ಎರಡು ಸಾವಿರ ಹೋಗಬೇಕಾದದ್ದು ಇಲ್ಲಿಗೆ.

ಪೆನ್‌ಡ್ರೈವ್ ಎರಡೇಕೆಂದರೆ, ಒಂದು ತಿರುಗಾಟಕ್ಕೆ, ಇನ್ನೊಂದು ಗುಡಾಣಕ್ಕೆ. ಜೆರಾಕ್ಸ್ ಅಂಗಡಿಯ ಗಣಕಕ್ಕೆ ದಿನಕ್ಕೆ ನೂರು ಜನರ ಪೆನ್‌ಡ್ರೈವುಗಳು ಚುಚ್ಚಿಕೊಳ್ಳುತ್ತವೆ. ಸೋಂಕು ಹರಡಲು ಇದಕ್ಕಿಂತ ಒಳ್ಳೆಯ ಸಂತೆ ಇಲ್ಲ. ಹಿಂದಿರುಗಿ ಬಂದು ನೋಡಿದರೆ ನಮ್ಮ ಕಡತಗಳೆಲ್ಲ ಮಾಯವಾಗಿ, ಅದೇ ಹೆಸರಿನ, ಮೂಲೆಯಲ್ಲಿ ಬಾಣದ ಗುರುತಿರುವ ಚಿತ್ರಗಳು ಕುಳಿತಿರುವುದುಂಟು. ಕಡತಗಳು ಹೋಗಿರುವುದಿಲ್ಲ, ಅಡಗಿಸಲ್ಪಟ್ಟಿರುತ್ತವೆ. ಬಾಣದ ಗುರುತನ್ನು ಒತ್ತಿದರೆ ಮೊದಲು ಓಡುವುದು ವೈರಸ್ಸು. ಮುದ್ರಿಸಬೇಕಾದ ಒಂದೇ ಕಡತವನ್ನು ಮಾತ್ರ ತಿರುಗಾಟದ ಪೆನ್‌ಡ್ರೈವಿನಲ್ಲಿ ಒಯ್ದು, ಮರಳಿದ ಮೇಲೆ ಅದನ್ನು ಪೂರ್ತಿ ಅಳಿಸಿ ಸಿದ್ಧಪಡಿಸಿಕೊಳ್ಳಬೇಕು. ಗುಡಾಣದ ಪೆನ್‌ಡ್ರೈವ್ ಮನೆಯ ಲ್ಯಾಪ್‌ಟಾಪನ್ನಲ್ಲದೆ ಬೇರೊಂದನ್ನು ಮುಟ್ಟಕೂಡದು. ಕೆಲವು ಮನೆಗಳ ಸೋಮವಾರದಂತೆಯೋ ಬೇರೆ ಮನೆಗಳ ಶನಿವಾರದಂತೆಯೋ ವಾರಕ್ಕೊಂದು ದಿನ ನಿಶ್ಚಯಮಾಡಿಕೊಂಡು, ಅಂದು ಜೋಡಿಸಿ, ಪ್ರತಿ ಮಾಡಿ, ಒಡನೆಯೇ ಕಿತ್ತಿಡಬೇಕು. ವನ್ನಾಕ್ರೈಯಂಥವು ಬಂದ ದಿನ ಜೋಡಿಸಿಕೊಂಡೇ ಇದ್ದ ಸಂಗ್ರಹವನ್ನೂ ಗುಪ್ತಲಿಪಿಗೆ ತಿರುಗಿಸಿಬಿಡುತ್ತವೆ, ಕಿತ್ತಿಟ್ಟದ್ದು ಬದುಕುತ್ತದೆ.

ಮೂರನೆಯ ಪ್ರತಿಯೊಂದು ಮನೆಯಿಂದ ದೂರ ಇದ್ದರೆ ಕಳವು, ಬೆಂಕಿಗಳ ಭಯವೂ ಇಲ್ಲ. ಗೂಗಲಿನವರು 15 ಗಿಗಾಬೈಟಿನಷ್ಟು ಜಾಗವನ್ನು ಬೆಲೆಯಿಲ್ಲದೆ ಕೊಡುತ್ತಾರೆ. ಬರಹದ ಕಡತಗಳು ಹಗುರವಾದ್ದರಿಂದ ಹಳ್ಳಿಯ ಮೊಬೈಲ್ ಸಂಪರ್ಕದಲ್ಲಿಯೂ ಅಲ್ಲಿಗೆ ಏರುತ್ತವೆ. ಅಂಕಪಟ್ಟಿಗಳ ವಿಷಯದಲ್ಲಿ, ಕೇಂದ್ರ ಸರ್ಕಾರವು 2015ರಲ್ಲಿ ಆರಂಭಿಸಿದ ಡಿಜಿಲಾಕರ್ ಇದೆ. ಇನ್ನು, ಕಂಪನಿಯಿಂದ ಮಾತಾಡುತ್ತಿದ್ದೇವೆಂದು ಕರೆಮಾಡಿ, ನಿಮ್ಮ ಪರದೆಯನ್ನು ತಮಗೆ ತೋರಿಸುವ ತಂತ್ರಾಂಶ ಹಾಕಿಕೊಳ್ಳಿರೆನ್ನುವವರಿಗೆ ಉತ್ತರ ಕೊಡದೆ ಕರೆಯನ್ನು ಮುಗಿಸುವುದೇ ಸರಿ. ಹಣ ಹೋಗಿಯೇಬಿಟ್ಟಿದ್ದರೆ 1930 ಎಂಬ ಸಂಖ್ಯೆಗೆ ತಡಮಾಡದೆ ತಿಳಿಸಬೇಕು.

ಕಡೆಯದಾಗಿ ಒಂದು ಪರೀಕ್ಷೆ ಉಳಿದಿದೆ. ತಿಂಗಳಿಗೊಮ್ಮೆ ಗುಡಾಣದ ಪೆನ್‌ಡ್ರೈವಿನಿಂದ ಯಾವುದಾದರೂ ಒಂದು ಕಡತವನ್ನು ತೆರೆದು, ಅಕ್ಷರಗಳು ಸರಿಯಾಗಿವೆಯೇ, ಕೊನೆಯ ಪುಟದವರೆಗೂ ಇದೆಯೇ ಎಂದು ಓದಿ ನೋಡಬೇಕು. ಗೂಡುಗಳಲ್ಲಿ ಕೂಡಿಟ್ಟ ಎಲೆಕ್ಟ್ರಾನುಗಳು ವಿದ್ಯುತ್ತನ್ನೇ ಕಾಣದೆ ವರ್ಷಗಟ್ಟಲೆ ಬಿದ್ದಿದ್ದರೆ ಮೆಲ್ಲನೆ ಸೋರಿಹೋಗುತ್ತವೆ. ಗುಡಾಣದ ಬಾಯಿ ತೆರೆದು ಬೀಜವನ್ನು ಕೈಯಲ್ಲಿ ಹಿಡಿದು ನೋಡುವಂತೆ, ತೆರೆದು ಓದಿದಾಗಲೇ ಪ್ರತಿ ಇದೆಯೆಂದು ಹೇಳಬಹುದು.